ಶಾಂತಿಪಥದ ಸೇನಾನಿ ಮಾರ್ಟಿನ್ ಲೂಥರ್ ಕಿಂಗ್

ಅನ್ಯಾಯಕ್ಕೊಳಗಾದ ಪ್ರಜೆಗಳು ಒಂದೆಡೆ ಸೇರಿ ಶಾಂತಿಯಿಂದ ತಮ್ಮ ಅಹವಾಲನ್ನು ಹೇಳಿಕೊಳ್ಳುವುದು ಪ್ರಜಾಪ್ರಭುತ್ವದ ಮೂಲಭೂತ ಹಕ್ಕುಗಳಲ್ಲಿ ಒಂದು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಮೊದಲನೆಯ ತಿದ್ದುಪಡಿಯು ಈ ಹಕ್ಕನ್ನು ಎತ್ತಿಹಿಡಿದಿದೆ. ಆದರೆ ಗ್ರಂಥದಲ್ಲಿದ್ದ ಆ ಹಕ್ಕು ಅಲ್ಲಿನ ಕಪ್ಪು ಜನರಿಗೆ ಬೀದಿಯಲ್ಲಿ ದೊರೆಯಲು ಬಹುಕಾಲ ಹಿಡಿಯಿತು. ಅದಕ್ಕಾಗಿ ತಮ್ಮ ಬಾಳನ್ನೇ ಸವೆಸಿದವರಲ್ಲಿ ಅಗ್ರಗಣ್ಯರು ಮಾರ್ಟಿನ್ ಲೂಥರ್ ಕಿಂಗ್.

ಕಿಂಗ್ ಅವರು 1929ರ ಜನವರಿ 15ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಜನಿಸಿದರು. ತಂದೆಯಂತೆ ಅವರೂ ಪಾದ್ರಿಯಾದರು. 1955ರ ಡಿಸೆಂಬರ್‌ನಲ್ಲಿ ಅಲಬಾಮ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ತಮ್ಮ ಆಸನವನ್ನು ಬಿಳಿಯನಿಗೆ ಬಿಟ್ಟುಕೊಡದೆ ಬಂಧಿತರಾದರು. ಅಲ್ಲಿನ ಕಪ್ಪು ಜನರು ಕಿಂಗ್ ಅವರ ನೇತೃತ್ವದಲ್ಲಿ 381 ದಿನ ಬಸ್ಸುಗಳನ್ನು ಬಹಿಷ್ಕರಿಸಿದರು. ಕೊನೆಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಸ್ಸುಗಳಲ್ಲಿನ ವರ್ಣಭೇದಕ್ಕೆ ಕೊನೆ ಹಾಡಿತು. ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ನೆಚ್ಚಿದ್ದ ಕಿಂಗ್ ಅವರು 1959ರಲ್ಲಿ ಭಾರತಕ್ಕೂ ಬಂದು ಹೋದರು.

1963ರಲ್ಲಿ ಹೋರಾಟದ ಕಣ ಅದೇ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬದಲಾಯಿತು. ಅಲ್ಲಿ ಮೆರವಣಿಗೆ ನಡೆಸಲು ನಗರಾಡಳಿತದ ಪರವಾನಗಿ ಬೇಕಾಗಿತ್ತು. ಜನರ ಸಂಚಾರಕ್ಕೆ ಅಡ್ಡಿಯಾಗದಂತೆ ನಿಯಮ ಮಾಡುವುದು ತಪ್ಪಲ್ಲ. ಆದರೆ ಅಲ್ಲಿ ಪರವಾನಗಿಯನ್ನು ಕೊಡುವುದೂ ಬಿಡುವುದೂ ಅಧಿಕಾರಿಗಳ ಇಚ್ಛೆಗೆ ಸೇರಿತ್ತು. ಹೋರಾಟಗಾರರಿಗೆ ಅದು ದೊರೆಯಲಿಲ್ಲ. ಏಪ್ರಿಲ್ 10ರಂದು ರಾಜ್ಯದ ನ್ಯಾಯಾಲಯವೊಂದು ಮೆರವಣಿಗೆಗೆ ತಡೆಯಾಜ್ಞೆಯನ್ನೂ ನೀಡಿತು. ಆಜ್ಞೆಯನ್ನು ಪಾಲಿಸಿದರೆ ಹೋರಾಟ ಅಲ್ಲಿಯೇ ಕಮರುವುದು. ಮೀರಿದರೆ ಸೆರೆಮನೆ ಕಾದಿದೆ. ಕಿಂಗ್ ಅವರು ಸೆರೆಮನೆಯನ್ನೇ ಆರಿಸಿಕೊಂಡರು. ಏಪ್ರಿಲ್ 12ರ ಶುಭ ಶುಕ್ರವಾರದಂದು ಬಹಿರಂಗವಾಗಿ ಮೆರವಣಿಗೆ ನಡೆಸಿ ಬಂಧಿತರಾದರು. ಅವರು ತಲೆಮರೆಸಿಕೊಳ್ಳಲಿಲ್ಲ, ಪೊಲೀಸರ ಮೇಲೆ ಕೈಯೆತ್ತಲಿಲ್ಲ. ಅನ್ಯಾಯದ ಆಜ್ಞೆಯನ್ನು ಮೀರುವವನು ಅದರ ಶಿಕ್ಷೆಯನ್ನು ಮನಃಪೂರ್ವಕವಾಗಿ ಸ್ವೀಕರಿಸಬೇಕೆಂಬುದು ಅವರ ನಿಲುವಾಗಿತ್ತು.

ಹಾಗೆಂದು ಕಿಂಗ್ ಅವರು ಕಾನೂನಿನ ವಿರೋಧಿಯಾಗಿರಲಿಲ್ಲ. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಸೆಲ್ಮಾ ಪಟ್ಟಣದಿಂದ ಹೊರಟ ಜನರನ್ನು ಪೊಲೀಸರು ನಿರ್ದಯವಾಗಿ ಥಳಿಸಿದರು. ಎರಡು ದಿನಗಳ ಬಳಿಕ ಕಿಂಗ್ ಅವರೇ ಜನರನ್ನು ಮುನ್ನಡೆಸಿದರು. ಆದರೆ ಹೋರಾಟಗಾರರ ಮನವಿ ಆಗ ಕೇಂದ್ರ ಸರ್ಕಾರದ ನ್ಯಾಯಾಲಯದ ಮುಂದಿತ್ತು; ವಿಚಾರಣೆ ಮುಗಿಯುವವರೆಗೆ ಕಾಯುವಂತೆ ಅದು ಆಜ್ಞಾಪಿಸಿತ್ತು. ಕಿಂಗ್ ಅವರು ಪೊಲೀಸರೆದುರು ಪ್ರಾರ್ಥಿಸಿ ಜನರೊಡನೆ ಹಿಂದಿರುಗಿದರು. ಇದರಿಂದ ಅನೇಕ ಯುವಕರು ಅಸಮಾಧಾನಗೊಂಡರೂ ಆ ತಾಳ್ಮೆ ವ್ಯರ್ಥವಾಗಲಿಲ್ಲ. ಮಾರ್ಚ್ 17ರಂದು ನ್ಯಾಯಾಧೀಶ ಫ್ರ್ಯಾಂಕ್ ಜಾನ್ಸನ್ ಅವರು ಪಾದಯಾತ್ರೆಗೆ ಅನುಮತಿ ನೀಡಿದರು. ಅನ್ಯಾಯವು ಘೋರವಾದಷ್ಟೂ ಅದನ್ನು ಪ್ರತಿಭಟಿಸುವ ಹಕ್ಕು ಹಿರಿದಾಗುತ್ತದೆ ಎಂಬುದು ತೀರ್ಪಿನ ಸಾರ. ಆದರೂ ಹೆದ್ದಾರಿ ಕಿರಿದಾದ ಕಡೆ 300ಕ್ಕಿಂತ ಹೆಚ್ಚು ಜನ ನಡೆಯಕೂಡದೆಂಬ ಮಿತಿಯಿತ್ತು. ಕಿಂಗ್ ಅವರು ಅದಕ್ಕೆ ತಲೆಬಾಗಿದರು. ಮಾರ್ಚ್ 25ರಂದು ಯಾತ್ರೆ ಮಾಂಟ್ಗೊಮರಿಯನ್ನು ತಲುಪಿದಾಗ ಸುಮಾರು 25,000 ಜನ ನೆರೆದಿದ್ದರು. ಅದೇ ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಶಾಸನ ಜಾರಿಗೆ ಬಂದಿತು.

ಬರ್ಮಿಂಗ್‌ಹ್ಯಾಮ್ ಮೊಕದ್ದಮೆ ಮಾತ್ರ ಇನ್ನೂ ಮುಗಿದಿರಲಿಲ್ಲ. ತಡೆಯಾಜ್ಞೆ ತಪ್ಪಾಗಿದ್ದರೂ ಅದನ್ನು ಮೊದಲು ನ್ಯಾಯಾಲಯದಲ್ಲಿಯೇ ಪ್ರಶ್ನಿಸಬೇಕಾಗಿತ್ತೆಂದು 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದು ನಾಲ್ಕರ ಬಹುಮತದಿಂದ ತೀರ್ಮಾನಿಸಿತು. ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದಿದ್ದ ಕಿಂಗ್ ಅವರು ಆ ವರ್ಷ ಮತ್ತೆ ಸೆರೆಮನೆಯನ್ನು ಸೇರಿದರು. 1968ರ ಏಪ್ರಿಲ್ 4ರಂದು, ಮೆಂಫಿಸ್‌ನಲ್ಲಿ ನಗರ ನೈರ್ಮಲ್ಯ ಕಾರ್ಮಿಕರ ಪರವಾಗಿ ಮೆರವಣಿಗೆಯೊಂದನ್ನು ಸಿದ್ಧಪಡಿಸುತ್ತಿದ್ದಾಗ, ಹಂತಕನ ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು ಕೇವಲ 39.

ಮರುವರ್ಷ, 1969ರ ಮಾರ್ಚ್‌ನಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ಆ ಪರವಾನಗಿ ನಿಯಮವನ್ನು ಜಾರಿಗೊಳಿಸಿದ ರೀತಿ ಸಂವಿಧಾನಕ್ಕೆ ವಿರುದ್ಧವೆಂದು ಅದೇ ನ್ಯಾಯಾಲಯ ಸಾರಿತು. ಪ್ರತಿಭಟನೆಯ ಕಾಲ, ಸ್ಥಳ, ರೀತಿಗಳನ್ನು ಸರ್ಕಾರ ಕ್ರಮಪಡಿಸಬಹುದು. ತನಗೆ ಬೇಡವಾದ ದನಿಯನ್ನು ಅಡಗಿಸಲಾಗದು ಎಂಬ ತತ್ತ್ವ ಸ್ಥಿರಪಟ್ಟಿತು. ಆ ತೀರ್ಪನ್ನು ಕೇಳಲು ಕಿಂಗ್ ಅವರು ಉಳಿದಿರಲಿಲ್ಲ. ಆದರೆ ಅವರು ನಡೆದ ದಾರಿ ಮುಂದಿನವರಿಗೆ ತೆರೆದಿತ್ತು.