ಕಲ್ಕತ್ತೆಯ ಓಟಗಾರ ನಾರ್ಮನ್ ಪ್ರಿಚರ್ಡ್

ವಾರ್ಷಿಕ ಕ್ರೀಡೋತ್ಸವ ಸಮೀಪಿಸಿತೆಂದರೆ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಶಾಲಾ ಬಯಲುಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ನೂರು ಮೀಟರ್, ಇನ್ನೂರು ಮೀಟರ್ ಓಟಗಳಿಗೆ ಹೆಸರು ಕೊಟ್ಟ ಬಾಲಕರು ಗೆರೆಯ ಹಿಂದೆ ಬಾಗಿ ನಿಂತು ಅಧ್ಯಾಪಕರ ಸೀಟಿಗಾಗಿ ಕಾಯುತ್ತಾರೆ. ಇವುಗಳಲ್ಲಿ ಇನ್ನೂರು ಮೀಟರ್ ಓಟವು ಒಲಿಂಪಿಕ್ ಕ್ರೀಡಾಕೂಟದಲ್ಲಿ ಪ್ರಥಮ ಬಾರಿಗೆ ನಡೆದದ್ದು 1900ರಲ್ಲಿ, ಪ್ಯಾರಿಸ್ ನಗರದಲ್ಲಿ. ಆ ಪ್ರಥಮ ಓಟದಲ್ಲಿ ದ್ವಿತೀಯರಾಗಿ ಗುರಿ ಮುಟ್ಟಿದವರು ಭಾರತದ ಮಣ್ಣಿನಲ್ಲಿ ಜನಿಸಿ, ಇಲ್ಲಿಯೇ ಓದಿ, ಇಲ್ಲಿಯ ಬಯಲಿನಲ್ಲಿಯೇ ಓಡಲು ಕಲಿತ ತರುಣರೆಂಬುದನ್ನು ಬಲ್ಲವರು ವಿರಳ. ಅವರೇ ನಾರ್ಮನ್ ಗಿಲ್ಬರ್ಟ್ ಪ್ರಿಚರ್ಡ್.

ಪ್ರಿಚರ್ಡರು 1875ರಲ್ಲಿ ಕಲ್ಕತ್ತೆಯಲ್ಲಿ ಜನ್ಮ ತಾಳಿದರು. ತಂದೆತಾಯಿಗಳು ಬ್ರಿಟಿಷ್ ಮೂಲದವರು. ಆಗ ಕಲ್ಕತ್ತೆಯು ಬ್ರಿಟಿಷ್ ಭಾರತದ ರಾಜಧಾನಿ. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಂತೆಯೇ ಅಲ್ಲಿಯೂ ಆಂಗ್ಲರ ಮನೆತನಗಳು, ಅವರ ಕ್ಲಬ್ಬುಗಳು, ಅವರ ಆಟಪಾಟಗಳು ನೆಲೆಗೊಂಡಿದ್ದವು. ಬಾಲಕ ಪ್ರಿಚರ್ಡರ ವಿದ್ಯಾಭ್ಯಾಸ ನಡೆದದ್ದು ಅಲ್ಲಿಯ ಸೇಂಟ್ ಝೇವಿಯರ್ಸ್ ಸಂಸ್ಥೆಯಲ್ಲಿ. ಧರ್ಮಗುರುಗಳು ನಡೆಸುತ್ತಿದ್ದ ವಿದ್ಯಾಸಂಸ್ಥೆಯೊಂದರ ಆಟದ ಬಯಲು ಇಂತಹ ಓಟಗಾರನನ್ನು ರೂಪಿಸಿತೆಂಬುದು ಮಠದ ಆಶ್ರಯದಲ್ಲಿ ಶಾಲೆ ನಡೆಸುವವರಿಗೆ ಹಿತವಾಗಿ ಕೇಳಿಸುವ ಸಂಗತಿ.

ಅವರ ಕಾಲುಗಳ ವೇಗ ಬಹುಬೇಗ ಪ್ರಸಿದ್ಧವಾಯಿತು. ಬಂಗಾಳ ಪ್ರಾಂತದ ನೂರು ಗಜಗಳ ಓಟದಲ್ಲಿ 1894ರಿಂದ 1900ರವರೆಗೆ ಸತತವಾಗಿ ಏಳು ವರ್ಷ ಅವರೇ ಪ್ರಥಮರು. ಒಂದೆರಡು ವರ್ಷ ಗೆದ್ದು ಮರೆಯಾಗುವ ಓಟಗಾರರು ಎಲ್ಲ ಕಾಲದಲ್ಲೂ ಇರುತ್ತಾರೆ. ಏಳು ವರ್ಷ ಸೋಲರಿಯದೆ ನಿಲ್ಲಬೇಕಾದರೆ ನಿಷ್ಠೆಯ ಸಾಧನೆ ಬೇಕು. ಕಾಲ್ಚೆಂಡಿನಲ್ಲಿಯೂ ಅವರು ಹಿಂದುಳಿದವರಲ್ಲ. 1897ರ ಜುಲೈ ತಿಂಗಳಲ್ಲಿ ಸೇಂಟ್ ಝೇವಿಯರ್ಸ್ ತಂಡದ ಪರವಾಗಿ ಶೋಭಾಬಜಾರ್ ಕ್ಲಬ್ಬಿನ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಭಾರತದ ಮುಕ್ತ ಪಂದ್ಯಾವಳಿಯಲ್ಲಿ ದಾಖಲಾದ ಪ್ರಥಮ ಹ್ಯಾಟ್ರಿಕ್ ಇದೆಂದು ಎಣಿಸಲಾಗುತ್ತದೆ. ಎದುರಾಳಿಯಾದ ಶೋಭಾಬಜಾರ್ ಸಾಮಾನ್ಯ ತಂಡವಲ್ಲ. 1892ರಲ್ಲಿ ಬ್ರಿಟಿಷ್ ಸೈನ್ಯದ ತುಕಡಿಯೊಂದನ್ನು ಸೋಲಿಸಿ ದೇಶಾಭಿಮಾನಿಗಳ ಎದೆಯುಬ್ಬಿಸಿದ ಭಾರತೀಯರ ಕ್ಲಬ್ಬು ಅದು. ಮುಂದೆ ಪ್ರಿಚರ್ಡರು ಭಾರತದ ಹೆಸರಿನಲ್ಲಿ ಗಣಿತರಾದರಲ್ಲವೆ? ಆ ದಿನ ಅವರು ಆಡಿದ್ದು ಭಾರತೀಯರೆದುರು ಎಂಬುದನ್ನೂ ಮರೆಮಾಚಬೇಕಾಗಿಲ್ಲ.

1900ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯ ಹವ್ಯಾಸಿ ಕ್ರೀಡಾಪಟುಗಳ ಮಹಾಕೂಟದಲ್ಲಿ 120 ಗಜಗಳ ಹರ್ಡಲ್ಸ್ ಓಟದಲ್ಲಿ ಅಮೆರಿಕದ ಆಲ್ವಿನ್ ಕ್ರೆಂಜ್ಲೈನರ ಹಿಂದೆ ಎರಡನೆಯ ಸ್ಥಾನ ಪಡೆದರು. ಅದೇ ತಿಂಗಳು ಕಾಲುವೆ ದಾಟಿ ಪ್ಯಾರಿಸ್ಸಿಗೆ ನಡೆದರು.

ಇಂದಿನ ಒಲಿಂಪಿಕ್ ವೈಭವವನ್ನು ಕಣ್ಣ ಮುಂದಿಟ್ಟುಕೊಂಡು ಆ ಕೂಟವನ್ನು ಊಹಿಸಿದರೆ ತಪ್ಪಾದೀತು. ಅದು ವಿಶ್ವ ವಸ್ತುಪ್ರದರ್ಶನದ ಒಂದು ಅಂಗವಾಗಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಹರಡಿಕೊಂಡಿದ್ದ ಉತ್ಸವ. ಓಟದ ಸ್ಪರ್ಧೆಗಳು ಜುಲೈ ಮಧ್ಯದಲ್ಲಿ ಬುವಾ ದ ಬುಲೋನ್ ಎಂಬ ಉಪವನದೊಳಗೆ ನಡೆದವು. ಸುಸಜ್ಜಿತ ಓಟದ ಪಥವಿರಲಿಲ್ಲ. ಐದುನೂರು ಮೀಟರ್ ಸುತ್ತಳತೆಯ ಹುಲ್ಲುಹಾಸಿನ ಮೇಲೆ, ಏರುತಗ್ಗುಗಳ ನಡುವೆ ಓಡಬೇಕಾಗಿತ್ತು. ಹಳ್ಳಿಯ ಗೋಮಾಳದಲ್ಲಿ ಓಡಿ ಅಭ್ಯಾಸವಿರುವ ನಮ್ಮ ಹುಡುಗರಿಗೆ ಅದು ಅಪರಿಚಿತವೆನಿಸಲಾರದು.

ಪ್ರಿಚರ್ಡರು ಐದು ಸ್ಪರ್ಧೆಗಳಿಗೆ ಇಳಿದರು. 60 ಮತ್ತು 100 ಮೀಟರ್ ಓಟಗಳಲ್ಲಿ ಅಂತಿಮ ಸುತ್ತಿಗೇರಲು ಆಗಲಿಲ್ಲ. 110 ಮೀಟರ್ ಹರ್ಡಲ್ಸ್ ಅಂತಿಮ ಸುತ್ತಿಗೆ ಬಂದರಾದರೂ ಓಟ ಮುಗಿಸಲಿಲ್ಲ. ಅನಂತರ 200 ಮೀಟರ್ ಹರ್ಡಲ್ಸ್. ಇಲ್ಲಿ ಲಂಡನ್ನಿನಲ್ಲಿ ಎದುರಾಗಿದ್ದ ಕ್ರೆಂಜ್ಲೈನರೇ ಮತ್ತೆ ಎದುರಾದರು. ಆ ಕೂಟದಲ್ಲಿ ವೈಯಕ್ತಿಕ ಸ್ಪರ್ಧೆಗಳಲ್ಲಿಯೇ ನಾಲ್ಕು ಬಾರಿ ಪ್ರಥಮರಾದ ಅಸಾಧಾರಣ ಪಟು ಅವರು, 25.4 ಸೆಕೆಂಡುಗಳಲ್ಲಿ ಗೆದ್ದರು. 26.6 ಸೆಕೆಂಡುಗಳಲ್ಲಿ ಪ್ರಿಚರ್ಡರು ದ್ವಿತೀಯರಾದರು.

ಜುಲೈ 22ರಂದು ಅಡೆತಡೆಗಳಿಲ್ಲದ 200 ಮೀಟರ್ ಓಟ. ಅಂತಿಮ ಸುತ್ತಿನಲ್ಲಿ ನಾಲ್ವರು. ಅಮೆರಿಕದ ವಾಲ್ಟರ್ ಟ್ಯೂಕ್ಸ್‌ಬರಿ 22.2 ಸೆಕೆಂಡುಗಳಲ್ಲಿ ಸ್ಪಷ್ಟವಾಗಿ ಮುಂದಾದರು. ನಿಜವಾದ ಹೋರಾಟ ನಡೆದದ್ದು ಅವರ ಬೆನ್ನ ಹಿಂದೆ. ಪ್ರಿಚರ್ಡರ ಕಾಲ 22.8 ಸೆಕೆಂಡು, ಆಸ್ಟ್ರೇಲಿಯದ ಸ್ಟ್ಯಾನ್ಲಿ ರೌಲಿಯವರದು 22.9. ಸೆಕೆಂಡಿನ ಹತ್ತನೆಯ ಒಂದಂಶದಷ್ಟು ಅಂತರ! ಇವುಗಳನ್ನು ಈಗ ನಾವು ಬೆಳ್ಳಿ ಪದಕಗಳೆನ್ನುತ್ತೇವೆ. ಚಿನ್ನ, ಬೆಳ್ಳಿ, ಕಂಚುಗಳ ಕ್ರಮ ಬಂದದ್ದು 1904ರಲ್ಲಿ. ಪ್ಯಾರಿಸ್ಸಿನಲ್ಲಿ ಬಹುಮಾನವೆಂದು ಹಂಚಿದವುಗಳಲ್ಲಿ ಬಟ್ಟಲು ಮೊದಲಾದ ವಸ್ತುಗಳೇ ಹೆಚ್ಚು.

ಕಲ್ಕತ್ತೆಗೆ ಮರಳಿದ ಪ್ರಿಚರ್ಡರು 1902ರವರೆಗೆ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಗಳಾಗಿ ಸೇವೆ ಸಲ್ಲಿಸಿದರು. ಪಂದ್ಯ ಗೊತ್ತುಮಾಡುವುದು, ತಕರಾರು ತೀರಿಸುವುದು ಮುಂತಾದ ಕಾರ್ಯದರ್ಶಿಯ ಕಾಯಕಕ್ಕೆ ಚಪ್ಪಾಳೆ ದೊರೆಯುವುದು ಅಪರೂಪ. 1905ರಲ್ಲಿ ಅವರು ಭಾರತವನ್ನು ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿದರು.

ಅಲ್ಲಿಂದ ಮುಂದಿನದು ಬೇರೆಯೇ ಬಾಳು. ನಾರ್ಮನ್ ಟ್ರೆವರ್ ಎಂಬ ಹೊಸ ಹೆಸರು ತಳೆದು ಅವರು ಬಣ್ಣ ಹಚ್ಚಿದರು. ಲಂಡನ್ನಿನ ರಂಗಭೂಮಿ, ನ್ಯೂಯಾರ್ಕಿನ ಬ್ರಾಡ್‌ವೇ, ಕೊನೆಗೆ ಹಾಲಿವುಡ್ಡಿನ ಮೂಕಿ ಚಿತ್ರಗಳು, ಹೀಗೆ ಸಾಗಿತು ಆ ಪಯಣ. 1926ರಲ್ಲಿ ತೆರೆಕಂಡ ಬ್ಯೂ ಜೆಸ್ಟ್ ಚಿತ್ರದಲ್ಲಿ ಸೇನಾಧಿಕಾರಿಯ ಪಾತ್ರ ಅವರದು. 1929ರ ಅಕ್ಟೋಬರ್ ಕೊನೆಯಲ್ಲಿ ಮಿದುಳಿನ ವ್ಯಾಧಿಯಿಂದ ಲಾಸ್ ಏಂಜಲೀಸಿನಲ್ಲಿ ಅವರು ದೇಹ ಬಿಟ್ಟರು. ಮೂರೇ ವರ್ಷಗಳ ತರುವಾಯ, 1932ರಲ್ಲಿ, ಒಲಿಂಪಿಕ್ ಕೂಟ ಅದೇ ಊರಿಗೆ ಬಂದಿತು.

ಪ್ರಿಚರ್ಡರು ಯಾವ ದೇಶದವರು? ಈ ವ್ಯಾಜ್ಯ ಇನ್ನೂ ತೀರಿಲ್ಲ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಆ ಎರಡು ಪದಕಗಳೂ ಭಾರತದವು. ಅಂತಾರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯ ಅಂಕಿಅಂಶಗಳ ಗ್ರಂಥದಲ್ಲಿ ಅವು ಬ್ರಿಟನ್ನಿನವು. ರಕ್ತದಿಂದ ಅವರು ಆಂಗ್ಲರು, ಪ್ಯಾರಿಸ್ಸಿಗೆ ಹೋದದ್ದು ಇಂಗ್ಲೆಂಡಿನಿಂದ ಎಂಬುದು ಒಂದು ವಾದ. 1900ರಲ್ಲಿ ಭಾರತಕ್ಕೆ ಸ್ವಂತ ಒಲಿಂಪಿಕ್ ಸಂಸ್ಥೆಯೂ ಇರಲಿಲ್ಲ. ಅದು ಸ್ಥಾಪಿತವಾದದ್ದು 1927ರಲ್ಲಿ. ಇವೆಲ್ಲ ದಿಟವೇ. ಆದರೂ ಓಟಗಾರನ ಊರು ಯಾವುದೆಂದು ಕೇಳಿದರೆ ಅವನು ಬೆವರು ಸುರಿಸಿ ಕಲಿತ ಬಯಲನ್ನು ತೋರಿಸುವುದೇ ನ್ಯಾಯ. ಆ ಬಯಲು ಕಲ್ಕತ್ತೆಯಲ್ಲಿದೆ.

ಭಾರತೀಯರದೇ ಆದ ತಂಡವೊಂದು ಒಲಿಂಪಿಕ್ ಓಟದ ಕಣಕ್ಕಿಳಿಯಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿಗೆ ಹೊರಟ ಆ ಚಿಕ್ಕ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರೂ ಇದ್ದರು. ಮ್ಯಾರಥಾನ್ ಓಟವನ್ನು ಹತ್ತೊಂಬತ್ತನೆಯವರಾಗಿ ಮುಗಿಸಿದರು. ಆದರೆ ಓಟ, ನೆಗೆತ, ಎಸೆತಗಳ ವಿಭಾಗದಲ್ಲಿ ಪದಕವೊಂದು ಭಾರತಕ್ಕೆ ಒಲಿಯಲಿಲ್ಲ. 1960ರಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಪಿ.ಟಿ. ಉಷಾ ನಾಲ್ಕನೆಯ ಸ್ಥಾನದಲ್ಲಿಯೇ ನಿಂತರು. ಪ್ಯಾರಿಸ್ಸಿನ ಆ ಹುಲ್ಲುಹಾಸಿನ ಓಟ ಕಳೆದು 121 ವರ್ಷಗಳ ಮೇಲೆ, 2021ರಲ್ಲಿ, ಟೋಕಿಯೋದಲ್ಲಿ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಗುರಿಯೆಸೆತದಲ್ಲಿ ಎರಡು ಕಂಚು ಗಳಿಸಿದಾಗ, ಒಂದೇ ಕೂಟದಲ್ಲಿ ಎರಡು ಪದಕ ಪಡೆದ ಭಾರತದ ಇನ್ನೊಬ್ಬರು ಯಾರೆಂದು ಹುಡುಕಿದವರಿಗೆ ದೊರೆತದ್ದು ನಾರ್ಮನ್ ಪ್ರಿಚರ್ಡರ ಹೆಸರು.