ಫಿರಂಗಿ ಕರಗಿಸಿ ಎರಕಹೊಯ್ದ ಅಕ್ಷರಗಳು

ವಾಸ್ತುಶಿಲ್ಪದ ಚರಿತ್ರೆಗಳು ಪೀಟರ್ ಬೆಹ್ರೆನ್ಸ್ ಅವರನ್ನು ಬಹುತೇಕ ಅವರ ಕಿರಿಯ ಸಹಾಯಕರ ಮೂಲಕವೇ ನೆನೆಯುತ್ತವೆ. ವಾಲ್ಟರ್ ಗ್ರೋಪಿಯಸ್, ಮೀಸ್ ವಾನ್ ಡೆರ್ ರೋಹೆ ಮತ್ತು ಮುಂದೆ ನಮ್ಮ ಚಂಡೀಗಡವನ್ನು ರೂಪಿಸಿದ ಲ ಕಾರ್ಬೂಸಿಯೆ, ಮೂವರೂ ಬರ್ಲಿನ್ ಬಳಿಯ ಅವರ ಕಚೇರಿಯಲ್ಲಿ ದುಡಿದವರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಅವರತ್ತ ಸೆಳೆದದ್ದು ಮಾತ್ರ ಅವರು ಬರೆದ ಅಕ್ಷರಗಳು.

1868ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಬೆಹ್ರೆನ್ಸ್ ಮೊದಲು ಚಿತ್ರಕಾರರು. ವಾಸ್ತುಶಿಲ್ಪವನ್ನು ತಾವಾಗಿಯೇ ಕಲಿತವರು. ಆ ಕಾಲದ ಜರ್ಮನಿಯಲ್ಲಿ ಮುದ್ರಣಾಕ್ಷರವೆಂಬುದು ರಾಜಕೀಯ ಪ್ರಶ್ನೆಯಾಗಿತ್ತು. ಮುರಿದ ಗೆರೆಗಳ ಫ್ರಾಕ್ಟುರ್ ಲಿಪಿಯೇ ಅಪ್ಪಟ ಜರ್ಮನ್ ಎನ್ನುವವರು ಒಂದೆಡೆ, ಯುರೋಪಿನ ಉಳಿದವರಂತೆ ರೋಮನ್ ಲಿಪಿ ಸಾಕೆನ್ನುವವರು ಇನ್ನೊಂದೆಡೆ. 1911ರಲ್ಲಿ ಈ ವಾದ ಸಂಸತ್ತಿನವರೆಗೂ ಹೋಯಿತು. ಅದಕ್ಕೆ ಹತ್ತು ವರ್ಷ ಮೊದಲೇ ಬೆಹ್ರೆನ್ಸ್ ಎರಡನ್ನೂ ಬೆಸೆದ ಒಂದು ಅಚ್ಚಕ್ಷರವನ್ನು ರಚಿಸಿದ್ದರು.

1907ರಲ್ಲಿ ವಿದ್ಯುತ್ ಉಪಕರಣಗಳ ಬೃಹತ್ ಕಂಪನಿ ಎಇಜಿ ಅವರನ್ನು ಕಲಾ ಸಲಹೆಗಾರರನ್ನಾಗಿ ನೇಮಿಸಿಕೊಂಡಿತು. ದೀಪ, ಕೆಟಲ್, ಬೆಲೆಪಟ್ಟಿ, ಜಾಹೀರಾತು, ಕಡೆಗೆ ಕಾರ್ಖಾನೆಯೇ, ಎಲ್ಲದಕ್ಕೂ ಒಂದೇ ಕೈ. 1909ರ ಟರ್ಬೈನ್ ಕಾರ್ಖಾನೆಯ ಮುಖದ ಮೇಲೆ ಜೇನುಗೂಡಿನಂತಹ ಷಡ್ಭುಜಗಳೊಳಗೆ ಕುಳಿತಿರುವ ಕಂಪನಿಯ ಹೆಸರನ್ನು ಗಮನಿಸಬೇಕು. ಅಲಂಕಾರವಿಲ್ಲ, ದೂರದಿಂದಲೇ ಓದಬಹುದು. ಬ್ರ್ಯಾಂಡ್ ಎಂದು ನಾವಿಂದು ಕರೆಯುವುದನ್ನು ಇಷ್ಟು ಸಮಗ್ರವಾಗಿ ಯೋಚಿಸಿದವರು ಅವರಿಗಿಂತ ಮೊದಲು ವಿರಳ.

ಆದರೆ ಅವರ ಅತ್ಯಂತ ಪ್ರಸಿದ್ಧ ಅಕ್ಷರಗಳು ಮಾರಾಟಕ್ಕಾಗಿ ಬರೆದವಲ್ಲ. ಬರ್ಲಿನ್ನಿನ ಸಂಸತ್ ಭವನ 1894ರಲ್ಲಿ ಮುಗಿದಾಗ, ಅದನ್ನು ಜರ್ಮನ್ ಜನತೆಗೆ ಅರ್ಪಿಸುವ ಸಾಲಿಗಾಗಿ ಮುಂಭಾಗದಲ್ಲಿ ಬಿಟ್ಟಿದ್ದ ಜಾಗ ಖಾಲಿಯೇ ಉಳಿಯಿತು. ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ಗೆ ಜನತೆಯ ಹೆಸರು ಅಷ್ಟೇನೂ ಹಿತವಾಗಿರಲಿಲ್ಲ. 1915ರಲ್ಲಿ, ಯುದ್ಧದಿಂದ ಜನ ಬಳಲಿದ್ದಾಗ, ಚಾನ್ಸಲರ್ ಕಚೇರಿಯ ಹಿರಿಯ ಅಧಿಕಾರಿ ವಾನ್‌ಶಾಫ ಅವರು ಸಿಂಹಾಸನದ ಮೇಲಿನ ನಿಷ್ಠೆ ಕರಗುತ್ತಿದೆ, ಈ ಬರಹವನ್ನು ಈಗಲಾದರೂ ಹಾಕಿಸುವುದು ಒಳಿತೆಂದು ಸೂಚಿಸಿದರು. ತಾವಾಗಿ ಅನುಮತಿ ಕೊಡುವುದಿಲ್ಲ, ಸಂಬಂಧಪಟ್ಟ ಸಮಿತಿ ತೀರ್ಮಾನಿಸಿದರೆ ಆಕ್ಷೇಪವೂ ಇಲ್ಲ ಎಂಬುದು ಚಕ್ರವರ್ತಿಯ ನಿಲುವು. ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಈ ಭಾಷೆ ಬಹಳ ಪರಿಚಿತ.

ಬೆಹ್ರೆನ್ಸ್ ಅವರು ಲಿಪಿಕಲಾವಿದೆ ಆನಾ ಸೈಮನ್ಸ್ ಜೊತೆ ಸೇರಿ ಅಕ್ಷರಗಳನ್ನು ರೂಪಿಸಿದರು. ಪ್ರತಿ ಅಕ್ಷರದ ಎತ್ತರ 60 ಸೆಂಟಿಮೀಟರ್. ಫ್ರಾಕ್ಟುರ್‌ನ ಕೊಂಕೂ ರೋಮನ್ನಿನ ನೇರವೂ ಒಂದಾದ ದಪ್ಪ, ಗಟ್ಟಿ ರೂಪ. 1813ರಿಂದ 1815ರ ಯುದ್ಧಗಳಲ್ಲಿ ಫ್ರೆಂಚರಿಂದ ವಶಪಡಿಸಿಕೊಂಡ ಎರಡು ಫಿರಂಗಿಗಳನ್ನು ಕರಗಿಸಿ, ಬರ್ಲಿನ್ನಿನ ಯಹೂದಿ ಕುಟುಂಬವೊಂದರ ಲೋವಿ ಎರಕಶಾಲೆ ಅವನ್ನು ಎರಕಹೊಯ್ದಿತು. 1916ರ ಡಿಸೆಂಬರಿನಲ್ಲಿ ಅವು ಗೋಡೆಯನ್ನೇರಿದವು. ಎರಡು ವರ್ಷದೊಳಗೆ ಚಕ್ರವರ್ತಿ ದೇಶ ಬಿಟ್ಟರು.

ಬೆಹ್ರೆನ್ಸ್ ಅವರ ಮುಂದಿನ ಬದುಕನ್ನು ಅಷ್ಟೇ ಮೆಚ್ಚುಗೆಯಿಂದ ಹೇಳಲಾರೆ. 1922ರಿಂದ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1934ರಲ್ಲಿ, ಆಸ್ಟ್ರಿಯಾದಲ್ಲಿ ಆಗ ನಿಷೇಧಿತವಾಗಿದ್ದ ನಾಜಿ ಪಕ್ಷವನ್ನು ಸೇರಿದರು. 1936ರಲ್ಲಿ ಬರ್ಲಿನ್ನಿಗೆ ಮರಳಿದರು. ಆಲ್ಬರ್ಟ್ ಸ್ಪೀರ್ ಕನಸಿದ ಮಹಾನಗರಕ್ಕಾಗಿ ಎಇಜಿಯ ಹೊಸ ಕೇಂದ್ರ ಕಚೇರಿಯ ನಕ್ಷೆ ಬರೆದರು. ಅದು ಕಟ್ಟಲ್ಪಡಲಿಲ್ಲ. ಅವಕಾಶವಾದವೋ ನಂಬಿಕೆಯೋ, ಪ್ರತಿಭೆಯ ಹೆಸರಿನಲ್ಲಿ ಅದನ್ನು ಮನ್ನಿಸಲು ನನಗೆ ಮನಸ್ಸಿಲ್ಲ.

1940ರ ಫೆಬ್ರವರಿಯಲ್ಲಿ ಅವರು ಬರ್ಲಿನ್ನಿನಲ್ಲಿ ತೀರಿಕೊಂಡರು. ಅವರ ಅಕ್ಷರಗಳಿಗೆ ಕಂಚಿನ ಮೈ ಕೊಟ್ಟ ಲೋವಿ ಕುಟುಂಬದ ಹಲವರನ್ನು ಅವರು ಸೇರಿದ್ದ ಪಕ್ಷದ ಆಡಳಿತವೇ ಕೊಂದಿತು. 1999ರಿಂದ ಜರ್ಮನ್ ಸಂಸದರು ಮತ್ತೆ ಆ ಸಾಲಿನ ಹಿಂದಿನ ಸಭಾಂಗಣದಲ್ಲಿ ಸೇರುತ್ತಿದ್ದಾರೆ.