ಮಾಸ್ಟ್ರು ಕಟ್ಟಿದ ಪೊಲೀಸ್ ಟೀಮು

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಟೀಮಿನ ಮ್ಯಾನೇಜರ್ ಅಂದರೆ ಯಾರು ಸ್ವಾಮಿ? ಬನಿಯನ್ ತರಿಸಿ ಕೊಡುವವರು, ಜೀಪಿನ ಬಾಡಿಗೆ ಕೊಡುವವರು, ಸೋತ ದಿನ ಬೈಗುಳ ತಿನ್ನುವವರು. ಕಬಡ್ಡಿಗೂ ಅಷ್ಟೆ, ವಾಲಿಬಾಲಿಗೂ ಅಷ್ಟೆ. ಆಡಿದವನ ಹೆಸರು ಊರಿಗೆಲ್ಲ ಗೊತ್ತು, ಆಡಿಸಿದವನದ್ದು ಅವನ ಮನೆಯವರಿಗೆ ಮಾತ್ರ. ಇವತ್ತು ಹಾಗೆ ಆಡಿಸಿದವರೊಬ್ಬರ ಕತೆ. ನಮ್ಮ ಜಿಲ್ಲೆಯವರಲ್ಲ, ಹೈದರಾಬಾದಿನವರು. ಆದರೆ 1956ರ ತನಕ ಬೀದರ್, ಗುಲ್ಬರ್ಗ, ರಾಯಚೂರು ಕೂಡ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಹಾಗಾಗಿ ಪೂರ್ತಿ ಹೊರಗಿನವರು ಅನ್ನಲಿಕ್ಕೂ ಬರುವುದಿಲ್ಲ.

ಹೆಸರು ಸಯ್ಯದ್ ಅಬ್ದುಲ್ ರಹೀಂ. 2024ರಲ್ಲಿ 'ಮೈದಾನ್' ಅಂತ ಹಿಂದಿ ಸಿನಿಮಾ ಬಂತಲ್ಲ, ಅದು ಇವರದ್ದೇ ಕತೆ. ಸಿನಿಮಾದಲ್ಲಿ ಬಣ್ಣ ಸ್ವಲ್ಪ ಹೆಚ್ಚು ಮೆತ್ತಿದ್ದಾರೆ. ಬಣ್ಣ ಇಲ್ಲದೆಯೂ ಕತೆ ದೊಡ್ಡದೇ ಉಂಟು.

ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾದಲ್ಲಿ ಓದುವಾಗ ಕಾಲೇಜು ಟೀಮಿಗೆ, ಆಮೇಲೆ ಊರಿನ ಕ್ಲಬ್ಬಿಗೆ ಫುಟ್‌ಬಾಲ್ ಆಡಿದರು. ಹೊಟ್ಟೆಪಾಡಿಗೆ ಶಾಲೆಯಲ್ಲಿ ಮಾಸ್ಟ್ರಾದರು. ಆಟಗಾರನಾಗಿ ದೇಶಕ್ಕೆ ಹೆಸರಾದವರಲ್ಲ. ಹೆಸರಾದದ್ದು ಆಡುವುದು ಬಿಟ್ಟು ಆಡಿಸಲು ನಿಂತ ಮೇಲೆಯೇ.

ಹೈದರಾಬಾದ್ ಸಿಟಿ ಪೊಲೀಸ್ ಟೀಮು ಮೊದಲೇ ಗಟ್ಟಿ. 1943ರಲ್ಲಿ ಬೆಂಗಳೂರಿಗೆ ಬಂದು ಆಶ್ ಗೋಲ್ಡ್ ಕಪ್ಪಿನಲ್ಲಿ ಬ್ರಿಟಿಷರ ವಾಯುಪಡೆ ಟೀಮನ್ನೇ ಮಣ್ಣು ಮುಕ್ಕಿಸಿತ್ತು. ಸೋತ ಕಡೆಯಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಕಲಿ ಡೆನಿಸ್ ಕಾಂಪ್ಟನ್ ಇದ್ದ. ಇಂಥ ಟೀಮು ರಹೀಂ ಕೈಗೆ ಬಂದ ಮೇಲೆ ಕೇಳಬೇಕೆ? ಬೊಂಬಾಯಿಯ ರೋವರ್ಸ್ ಕಪ್ 1950ರಿಂದ 1954ರ ತನಕ ಸತತ ಐದು ವರ್ಷ ಪೊಲೀಸರದ್ದೇ. 1950ರಲ್ಲೇ ಮೋಹನ್ ಬಾಗಾನನ್ನು ಸೋಲಿಸಿ ಡುರಾಂಡ್ ಕಪ್ಪೂ ಬಂತು. ಇದೇ ರೋವರ್ಸ್ ಕಪ್ಪನ್ನು ನಮ್ಮ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ 1937 ಮತ್ತು 1938ರಲ್ಲಿ ಗೆದ್ದಿತ್ತು ಎಂಬುದನ್ನೂ ಇಲ್ಲಿ ಹೇಳದಿದ್ದರೆ ನಮ್ಮದೇ ತಪ್ಪು.

ದುಡ್ಡಿನ ಬಲ ಇರಲಿಲ್ಲ. ಮಾಸ್ಟ್ರ ಬುದ್ಧಿಯೇ ಬಂಡವಾಳ. ಬಲಗಾಲಿನವರೆಲ್ಲ ಎಡಗಾಲಲ್ಲಿ ಮಾತ್ರ ಒದೆಯಬೇಕು ಅಂತ ಒಂದು ಟೂರ್ನಮೆಂಟ್ ಇಟ್ಟರು. ಚೆಂಡನ್ನು ಕಾಲಿಗಂಟಿಸಿಕೊಂಡು ಓಡುವ ಹಾಗಿಲ್ಲ, ಬಂದ ಕೂಡಲೇ ಪಾಸ್ ಮಾಡಬೇಕು ಅಂತ ಇನ್ನೊಂದು. ಒಬ್ಬನೇ ಮೆರೆಯುವ ಚಟ ಹೀಗೆ ಬಿಟ್ಟಿತು. ಬಲರಾಮ್ ಎಂಬ ಬಡ ಹುಡುಗ ಪ್ರಾಕ್ಟೀಸಿಗೆ ಬರಲು ದಾರಿಯಿಲ್ಲದೆ ಕೂತಾಗ ಸೈಕಲ್ ಬಾಡಿಗೆಗೆ ದುಡ್ಡು ಕೊಟ್ಟದ್ದೂ ರಹೀಮರೇ. ಆ ಬಲರಾಮ್ ಮುಂದೆ ಎರಡು ಒಲಿಂಪಿಕ್ಸ್ ಆಡಿದ.

ಸೋಲು ಕಾಣದವರೇನಲ್ಲ. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇವರ ಭಾರತ ತಂಡಕ್ಕೆ ಚಿನ್ನ, ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 10-1ರ ಮುಖಭಂಗ. ಆ ಚಳಿಯಲ್ಲಿ ನಮ್ಮವರು ಹಲವರು ಬರಿಗಾಲಲ್ಲಿ ಆಡಿದ್ದರು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನರದ್ದು. ಆಮೇಲೆ ಬೂಟು ಕಡ್ಡಾಯವಾಯಿತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅದೇ ಭಾರತ ನಾಲ್ಕನೇ ಸ್ಥಾನಕ್ಕೆ ಹೋಯಿತು. ಇವತ್ತು ಹೇಳಿದರೆ ಮಕ್ಕಳು ನಂಬುವುದಿಲ್ಲ ಮಾರಾಯ್ರೆ!

ಮುಖ್ಯ ಕತೆ 1962ರ ಜಕಾರ್ತದ್ದು. ಇಸ್ರೇಲ್ ಮತ್ತು ತೈವಾನಿಗೆ ಇಂಡೋನೇಷ್ಯಾ ಬಾಗಿಲು ಹಾಕಿದ್ದನ್ನು ಭಾರತದ ಸೋಂಧಿಯವರು ಪ್ರಶ್ನಿಸಿದ್ದಕ್ಕೆ ಅಲ್ಲಿಯ ಜನ ನಮ್ಮವರ ಮೇಲೆ ಕೆಂಡವಾಗಿದ್ದರು. ರಹೀಮರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಆಟದಲ್ಲೇ ದಕ್ಷಿಣ ಕೊರಿಯಾದ ಎದುರು 2-0 ಸೋಲು. ಥಾಯ್ಲೆಂಡ್ ಆಟದಲ್ಲಿ ಹಿಂಬದಿಯ ಆಧಾರಕಂಬ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿತ್ತು. ಬೇರೆಯವರಾದರೆ ಆಸ್ಪತ್ರೆಯಲ್ಲೇ ಬಿಟ್ಟುಬರುತ್ತಿದ್ದರು. ರಹೀಂ ಅವರನ್ನು ಸೆಮಿಫೈನಲಿನಲ್ಲಿ ಮುಂದೆ, ಗೋಲು ಹೊಡೆಯುವ ಜಾಗಕ್ಕೆ ನಿಲ್ಲಿಸಿದರು. ಬಣ್ಣದ ವೇಷದವರಿಗೆ ಪುಂಡುವೇಷ ಕಟ್ಟಿಸಿದ ಹಾಗೆ! ಜರ್ನೈಲ್ ಗೋಲು ಹೊಡೆದರು, ವಿಯೆಟ್ನಾಂ 3-2ರಿಂದ ಸೋತಿತು.

ಸೆಪ್ಟೆಂಬರ್ 4, ಫೈನಲ್. ಎದುರಿಗೆ ಪುನಃ ಕೊರಿಯಾ. ಸ್ಟೇಡಿಯಂನಲ್ಲಿ ಸುಮಾರು ಒಂದು ಲಕ್ಷ ಜನ, ಬೊಬ್ಬೆಯೆಲ್ಲ ಭಾರತಕ್ಕೆ ವಿರುದ್ಧ. ಭಾರತಕ್ಕೆ ಚಪ್ಪಾಳೆ ಹೊಡೆದವರು ಯಾರು ಗೊತ್ತುಂಟಾ? ಪಾಕಿಸ್ತಾನದ ಹಾಕಿ ಆಟಗಾರರು! ಪಿ.ಕೆ. ಬ್ಯಾನರ್ಜಿ ಒಂದು, ಪುನಃ ಜರ್ನೈಲ್ ಒಂದು. 2-1, ಚಿನ್ನ. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಇಲ್ಲದಿದ್ದವರು ಒಬ್ಬರು, ರಹೀಮರ ಸ್ವಂತ ಮಗ ಹಕೀಂ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಹುಡುಗ, ಜಕಾರ್ತದ ತಂಡಕ್ಕೆ ಆಯ್ಕೆಯಾಗಲಿಲ್ಲ. ನಮ್ಮಲ್ಲಿ ಮ್ಯಾನೇಜರನ ಮಗ ಅಂದರೆ ಕ್ಯಾಪ್ಟನ್ ಅಂತಲೇ ಲೆಕ್ಕ, ಅಲ್ಲವೋ?

ರಹೀಂ 1963ರ ಜೂನ್ 11ರಂದು ತೀರಿಹೋದರು. ಚಿನ್ನ ಬಂದು ಒಂಬತ್ತು ತಿಂಗಳು ಆಗಿತ್ತು ಅಷ್ಟೆ. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬಂದಿಲ್ಲ.

ಮಗ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತರರಾಷ್ಟ್ರೀಯ ರೆಫರಿಯಾದರು. ಅಪ್ಪನ ಹಾಗೆಯೇ ಆಡಿಸಲೂ ನಿಂತು, 1998ರಲ್ಲಿ ಮಹೀಂದ್ರ ತಂಡಕ್ಕೆ ಡುರಾಂಡ್ ಕಪ್ ಗೆಲ್ಲಿಸಿದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ನಮ್ಮ ಗುಲ್ಬರ್ಗದ ಆಸ್ಪತ್ರೆಯೊಂದರಲ್ಲಿ.